ನಾನು ನೋಡಬಾರದಿದ್ದ ಆಟ

ಬಸವಾಪಟ್ಟಣ
೨೦ ನವೆಂಬರ್ ೨೦೨೪, ಬುಧವಾರ ಮಧ್ಯಾಹ್ನ

ಧನು, ನನ್ನ ಮಗಳೇ,

ಮೊದಲು ಊಟ ಮಾಡು, ಆಮೇಲೆ ಓದು. ಈ ಕಾಗದದ ಜೊತೆ ನಿಮ್ಮಪ್ಪನ ಕೈಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಕಳಿಸಿದ್ದೇನೆ. ಅವರ ಬಸ್ಸು ದಾವಣಗೆರೆ ಸ್ಟ್ಯಾಂಡಿನಲ್ಲಿ ನಿಂತಾಗ ನಿನ್ನ ರೂಮಿನ ಮಮತಾ ಬಂದು ಇಸಿದುಕೊಳ್ಳುತ್ತೇನೆ ಎಂದಿದ್ದಾಳೆ. ಒಳ್ಳೆಯ ಹುಡುಗಿ. ಅವಳ ಮೇಲೆ ಸಿಟ್ಟಾಗಬೇಡ, ನಾನೇ ಬಲವಂತ ಮಾಡಿ ಕೇಳಿದೆ. "ಆಂಟಿ, ಗೋಡೆ ಕಡೆ ಮುಖ ಮಾಡಿ ಮಲಗ್ಯಾಳೆ. ಅಂಗಡಿಗೂ ಹೋಗಿಲ್ಲ. ಏನಾತೆ ಅಂದ್ರೆ ಏನಿಲ್ಲ ಅಂತಾಳೆ, ನಾನೇನ್ ಮಾಡ್ಲಿ ಹೇಳ್ರಿ?" ಅಂದಳು.

ಭಾನುವಾರದಿಂದ ನಿನ್ನ ಫೋನ್ ಸ್ವಿಚ್ ಆಫ್. ಸಿಕ್ಕಿದ್ದರೂ "ಹ್ಞೂಂ ಅಮ್ಮ, ಆಯ್ತಮ್ಮ" ಎಂದು ಇಟ್ಟುಬಿಡುತ್ತಿದ್ದೆ. ಅದಕ್ಕೇ ಕಾಗದ. ಅಂಗನವಾಡಿಯಲ್ಲಿ ಮಕ್ಕಳು ಮಲಗಿದ್ದಾರೆ, ತಿಪ್ಪಮ್ಮ ಹಿಂದುಗಡೆ ಪಾತ್ರೆ ತೊಳೆಯುತ್ತಿದ್ದಾಳೆ. ಮಕ್ಕಳು ಏಳುವುದರೊಳಗೆ ಎಷ್ಟಾಗುತ್ತದೋ ಅಷ್ಟು ಬರೆಯುತ್ತೇನೆ.

ಭಾನುವಾರದ್ದೆಲ್ಲ ನಿನ್ನ ಮಾವ ಕೆಂಚೇಶನಿಂದ ಗೊತ್ತಾಯಿತು. ನೀನು ಬರಬೇಡ ಎಂದಿದ್ದೆ, ನಾನು ದಾವಣಗೆರೆಯ ಆ ಪೂಲ್ ಹಾಲ್‌ನೊಳಗೆ ಕಾಲಿಡಲಿಲ್ಲ. ಇಬ್ಬರಿಗೂ ನಾಲ್ಕು ನಾಲ್ಕು ಫ್ರೇಮ್ ಸಮ ಆಗಿತ್ತಂತೆ. ಕೊನೆಯ ಫ್ರೇಮಿನಲ್ಲಿ ನಿನ್ನ ಬಾಲುಗಳೆಲ್ಲ ಒಳಗೆ ಹೋಗಿ, ಗೆಲ್ಲಲು ಕರಿ ಬಾಲೊಂದೇ ಉಳಿದಿತ್ತಂತೆ, ಅದೂ ಮೂಲೆಯ ಪಾಕೆಟ್ಟಿನ ಬಾಯಲ್ಲೇ. ನೀನು ಬಗ್ಗಿದೆಯಂತೆ, ಎದ್ದೆಯಂತೆ. ಕೋಲಿಗೆ ಚಾಕ್ ಹಚ್ಚಿ ಮತ್ತೆ ಬಗ್ಗಿ, ಮತ್ತೆ ಎದ್ದೆಯಂತೆ. ಎಡಗೈಯನ್ನು ಪ್ಯಾಂಟಿಗೆ ಒರೆಸಿಕೊಂಡೆಯಂತೆ. ಹೊಡೆದಾಗ ಕರಿ ಬಾಲು ಪಾಕೆಟ್ಟಿನ ತುಟಿಗೆ ಬಡಿದು ವಾಪಸ್ ಬಂತಂತೆ. ಆ ಶಿವಮೊಗ್ಗ ಕಡೆಯ ಹುಡುಗಿ ಬಂದು ಮುಗಿಸಿದಳಂತೆ. ನೀನು ಅವಳ ಕೈ ಕುಲುಕಿ ನಕ್ಕೆಯಂತೆ.

ರಾಜ್ಯ ಮಟ್ಟಕ್ಕೆ ಒಬ್ಬಳನ್ನೇ ಆರಿಸುತ್ತಾರೆ. ಈ ಸಲ ಆಗದಿದ್ದರೆ ಇನ್ನು ಕೋಲು ಮುಟ್ಟುವುದಿಲ್ಲ ಎಂದು ನೀನು ಮೊದಲೇ ಹೇಳಿದ್ದೆ. ಆ ಮಾತು ನೆನಪಾಗಿ ನನಗೆ ಎರಡು ದಿನದಿಂದ ಮಕ್ಕಳ ಹಾಜರಿ ಕೂಗುವುದೂ ತಪ್ಪುತ್ತಿದೆ.

ಪೂಲ್ ಆಟ ನನಗೆ ಏನು ಗೊತ್ತು? ಆದರೆ ನೀನು ಆಡುವುದು ಗೊತ್ತು. ಚನ್ನಗಿರಿಯಲ್ಲಿ ಡಿಗ್ರಿ ಓದುವಾಗ ಸಂಜೆಯ ಬಸ್ಸು ಬರುವವರೆಗೆ ಸ್ಟ್ಯಾಂಡಿನಲ್ಲಿ ಒಬ್ಬಳೇ ನಿಲ್ಲಬೇಡ, ಮಾವನ ಹತ್ತಿರ ಕುಳಿತಿರು ಎಂದು ನಾನೇ ಕಳಿಸಿದ್ದು. ಬೇಕರಿಯ ಮೇಲೆ ಎರಡು ಪೂಲ್ ಟೇಬಲ್ ಹಾಕಿಕೊಂಡು ಕೂತ ನನ್ನ ತಮ್ಮ ನಿನಗೆ ಚಹಾ ತರಿಸಿಕೊಟ್ಟು ಪುಸ್ತಕ ಓದಿಕೋ ಎನ್ನುತ್ತಾನೆ ಅಂದುಕೊಂಡಿದ್ದೆ. ಒಂದು ದಿನ ಬಂದು ನೋಡಿದರೆ ನೀನು ಆ ಹಸಿರು ಬಟ್ಟೆಯ ಮೇಲೆ ಬಗ್ಗಿದ್ದೆ, ಗದ್ದ ಕೋಲಿಗೆ ತಾಗಿತ್ತು. ಸುತ್ತ ಗಂಡುಹುಡುಗರು ಗಲಾಟೆ ಮಾಡುತ್ತಿದ್ದರು, ನಿನಗೆ ಅದು ಕೇಳಿಸುತ್ತಲೇ ಇರಲಿಲ್ಲ. ಒಂದಾದ ಮೇಲೊಂದು ಬಾಲು ಪಾಕೆಟ್ಟಿಗೆ ಇಳಿಯುತ್ತಿತ್ತು. ನಾನು ಬೈಯಲು ಬಂದವಳು ಮೆಟ್ಟಿಲ ಬಾಗಿಲಲ್ಲೇ ನಿಂತುಬಿಟ್ಟೆ. ನೀನು ನನ್ನನ್ನು ನೋಡಿರಲಿಲ್ಲ.

ಕೆಂಚೇಶ ಅವತ್ತು ಹೇಳಿದ: "ಅಕ್ಕ, ಇವಳಿಗೆ ನಾನು ಕಲಿಸಿದ್ದು ಒಂದೇ. ನಿಂತಾಗ ಎಷ್ಟಾದ್ರೂ ಯೋಚ್ನೆ ಮಾಡು. ಬಗ್ಗಿದ ಮ್ಯಾಲೆ ಮಾಡಬ್ಯಾಡ. ಅನುಮಾನ ಬಂತಾ, ಎದ್ದು ನಿಲ್ಲು, ಮೊದಲಿಂದ ನೋಡು. ಅನುಮಾನ ಇಟ್ಕಂಡು ಮಾತ್ರ ಹೊಡೀಬ್ಯಾಡ." ಅಷ್ಟು ಸುಲಭದ ಮಾತು. ನೀನು ಅದನ್ನು ಪಾಲಿಸುತ್ತಲೂ ಇದ್ದೆ. ನಿಮ್ಮಪ್ಪ ಪರಮೇಶ್ ಎಂಬ ಮನುಷ್ಯ ಬಸ್ಸಿನ ಸ್ಟೇರಿಂಗ್ ಬಿಟ್ಟರೆ ಬೇರೇನನ್ನೂ ಹೊಗಳಿದವರಲ್ಲ, ಅವರೂ "ನನ್ನ ಮಗಳ ಕೈ ಅಂದ್ರೆ ಕೈ" ಎಂದು ಕಂಡಕ್ಟರ್ ಹತ್ತಿರ ಹೇಳಿದ್ದರಂತೆ.

ಹೊನ್ನಾಳಿಯ ಟೂರ್ನಿಗೆ ನಾನು ಬರದೇ ಇದ್ದಿದ್ದರೆ!

ನಿನಗೆ ಊಟ ಕೊಡೋಣ ಎಂದು ಡಬ್ಬಿ ಹಿಡಿದು ಒಳಗೆ ಬಂದೆ. ನೀನು ಮುಂದಿದ್ದೆ. ತಲೆ ಎತ್ತಿ ನನ್ನನ್ನು ನೋಡಿ ನಕ್ಕೆ. ನನಗೆ ಕುರ್ಚಿ ಹಾಕಿಸಿದೆ. ಅಲ್ಲಿಂದಾಚೆಗೆ ನಿನ್ನ ಕೈ ನಿನ್ನದಾಗಿರಲಿಲ್ಲ. ಬಾಲು ಹೊಡೆಯುವ ಮೊದಲು ಕೋಲು ಹಿಂದೆ ಮುಂದೆ ಆಡುವುದಿತ್ತಲ್ಲ, ಅದು ಒಮ್ಮೆ ಬೇಗ, ಒಮ್ಮೆ ನಿಧಾನ. ಮಗು ಹೆಜ್ಜೆ ಹಾಕುವಾಗ ತನ್ನ ಕಾಲನ್ನೇ ನೋಡಿಕೊಂಡರೆ ಬೀಳುತ್ತದಲ್ಲ, ಹಾಗೆ. ಸೋತ ಮೇಲೆ ಡಬ್ಬಿಯ ಚಿತ್ರಾನ್ನವನ್ನು ಪೂರ್ತಿ ತಿಂದೆ, ನನಗೆ ಬೇಜಾರಾಗಬಾರದು ಎಂದು.

ಜಗಳೂರಿನಲ್ಲಿ ಇನ್ನೂ ಸ್ಪಷ್ಟವಾಯಿತು. ಸೊಕ್ಕೆಯಿಂದ ನಿನ್ನ ದೊಡ್ಡಪ್ಪ ಓಬಣ್ಣನೂ ಬಂದಿದ್ದರು. ನನಗೆ ಸೂಪರ್‌ವೈಸರ್ ಮೇಡಂ ಫೋನ್ ಬಂತು, ಹೊರಗೆ ಹೋದೆ. ವಾಪಸ್ ಬರುವುದರೊಳಗೆ ನೀನು ಒಂದು ಫ್ರೇಮ್ ಗೆದ್ದಾಗಿತ್ತು. ನಾನು ಕುಳಿತೆ, ಮುಂದಿನದು ಹೋಯಿತು. ನೀರು ಕುಡಿಯುವ ನೆಪ ಮಾಡಿ ಎದ್ದು ಹೋದೆ, ನೀನು ಗೆದ್ದೆ. ನಾನು ಮತ್ತೆ ಬಂದು ಕುಳಿತೆ. ಯಾಕೆ ಬಂದು ಕುಳಿತೆ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ನೋಡಬೇಕು ಅನ್ನಿಸಿತು, ಅಷ್ಟೇ.

ಓಬಣ್ಣ ಭಾವ ಅವತ್ತು ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಧ್ಯಾನದ ಶಿಬಿರದಲ್ಲಿ ಕಲಿತದ್ದನ್ನು ಹೇಳಿಕೊಟ್ಟರು. "ಉಸಿರು ಒಳಗೆ ಹೋಗಾದು, ಹೊರಗೆ ಬರಾದು, ಅದನ್ನಷ್ಟೇ ನೋಡವ್ವ. ಮನಸ್ಸು ತಾನಾಗೇ ಕೂರ್ತೈತೆ." ನೀನು ಹೇಳಿದ್ದು ನೆನಪಿದೆಯಾ? "ಉಸಿರು ನೋಡಾಕೆ ಹೋದ್ರೆ ಬಾಲ್ ಕಾಣಲ್ಲ ದೊಡ್ಡಪ್ಪ." ಅವರು ನಕ್ಕರು. ನೀನು ನಗಲಿಲ್ಲ. ಆಮೇಲೆ ಹಾಸ್ಟೆಲಿನಲ್ಲಿ ದಿನಾ ಬೆಳಿಗ್ಗೆ ಕಣ್ಣು ಮುಚ್ಚಿ ಕೂರುತ್ತಿದ್ದೆಯಂತೆ. ಒಂದು ವಾರ ಎಲ್ಲ ಸರಿ, ಮರುವಾರ ಯಾವುದೂ ಇಲ್ಲ. "ಅಮ್ಮ, ಕೈ ಅದೇ, ಕೋಲು ಅದೇ, ಟೇಬಲ್ಲೂ ಅದೇ. ನಿನ್ನೆ ಆಡಿದೋಳು ಎಲ್ಲಿಗೆ ಹೋದ್ಲು ಅಂತ ಹುಡುಕ್ತೀನಿ" ಎಂದಿದ್ದೆ ಒಂದು ಸಲ. ನಾನು "ಚೆನ್ನಾಗಿ ನಿದ್ದೆ ಮಾಡು" ಎಂದೆ. ಅಮ್ಮಂದಿರಿಗೆ ಬರುವ ಉತ್ತರ ಅದೊಂದೇ.

ಜಗಳೂರಿನಿಂದ ಬರುವಾಗ ಬಸ್ಸಿನಲ್ಲಿ ನೀನು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದೆ: "ಅಮ್ಮ, ಇನ್ಮ್ಯಾಲೆ ನೀನು ಬರಬ್ಯಾಡ. ನೀನು ಕುಂತಿದ್ರೆ, ಇದು ಹೋದ್ರೆ ಅಮ್ಮನ ಮುಖ ಹೆಂಗಾಗ್ತೈತೆ ಅಂತ ಬಾಲಿಗಿಂತ ಮೊದಲು ಅದೇ ಕಾಣ್ತೈತೆ." ನಾನು "ಆಯ್ತು ಬಿಡು, ನನಗೂ ರಜ ಸಿಗಲ್ಲ" ಎಂದೆ. ನಿನಗೆ ಸಮಾಧಾನವಾಯಿತು ಅಂದುಕೊಂಡೆ. ನಾನು ಮಾತ್ರ ಊರು ಬರುವವರೆಗೆ ಟಿಕೆಟ್ಟನ್ನು ಮಡಚುತ್ತ, ಬಿಚ್ಚುತ್ತ ಕುಳಿತೆ. ನಿನ್ನ ಮೇಲೆ ಸಿಟ್ಟಲ್ಲ ಧನು. ನನ್ನ ಅಂಗನವಾಡಿಯಲ್ಲೂ ಮಕ್ಕಳು ದಿನವಿಡೀ ಹಾಡಿದ ಹಾಡನ್ನು ಮೇಡಂ ಬಂದಾಗ ಬಾಯಿ ಹೊಲಿದವರಂತೆ ಮರೆಯುತ್ತಾರೆ. ಆದರೆ ನಾನು ನಿನಗೆ ಮೇಡಂ ಯಾವಾಗ ಆದೆ?

ನನ್ನ ಮುಖ ಹೇಗಾಗುತ್ತದೆ ಎಂದು ಅವತ್ತು ಮನೆಗೆ ಬಂದು ಕನ್ನಡಿಯಲ್ಲಿ ನೋಡಿಕೊಂಡೆ. ಬೇಜಾರಾದ ಹಾಗೆ ಮಾಡಿ ನೋಡಿದೆ, ಏನೂ ಆಗದ ಹಾಗೆಯೂ ಮಾಡಿ ನೋಡಿದೆ. ಎರಡೂ ಒಂದೇ ಥರ ಕಂಡವು.

ಪಕ್ಕದ ಮನೆಯ ಉಡಚಮ್ಮ "ಹುಡುಗಿಗೆ ದೃಷ್ಟಿ ಆಗೈತೆ ಕಣ್ರಿ ಪುಷ್ಪಕ್ಕ, ತೆಗೀರಿ" ಎಂದರು. ನಿಮ್ಮಪ್ಪನಿಗೆ ಗೊತ್ತಾದರೆ ಬುದ್ಧನ ಫೋಟೊ ಇಟ್ಟ ಮನೆಯಲ್ಲಿ ಇದೇನು ಎಂದು ರೇಗುತ್ತಾರೆ. ಆದರೂ ಉಪ್ಪು, ಮೆಣಸಿನಕಾಯಿ ಹಿಡಿದುಕೊಂಡೆ. ಹಿಡಿದುಕೊಂಡು ನಿಂತೆ. ದೃಷ್ಟಿ ನನ್ನದೇ ಅಂದ ಮೇಲೆ ಯಾರಿಗೆ ನಿವಾಳಿಸಲಿ? ವಾಪಸ್ ಡಬ್ಬಿಗೆ ಹಾಕಿದೆ.

ನ್ಯಾಮತಿಗೆ ನಾನು ಬರಲಿಲ್ಲ, ನೀನು ಗೆದ್ದೆ. ಮೊದಲ ಸಲ ಮೊದಲ ಸ್ಥಾನ. ಕಪ್ಪಿನ ಫೋಟೊ ಕಳಿಸಿದೆ, ನಿಮ್ಮಪ್ಪ ಅದನ್ನು ಡ್ರೈವರುಗಳ ಗ್ರೂಪಿಗೆಲ್ಲ ಹಾಕಿದರು. ನಾನು ಸಂತೋಷಕ್ಕೆ ಅತ್ತೆ ಎಂದು ಅವರು ತಿಳಿದರು. ಸಂತೋಷವೂ ಇತ್ತು. ಆ ಫೋಟೊದಲ್ಲಿ ನಿನ್ನ ಪಕ್ಕ ಕೆಂಚೇಶ ನಿಂತಿದ್ದ, ಯಾರೋ ಗೊತ್ತಿಲ್ಲದವರು ನಿಂತಿದ್ದರು. ಮಗಳು ಗೆಲ್ಲುವುದನ್ನು ಊರವರೆಲ್ಲ ನೋಡಬಹುದು, ನಾನೊಬ್ಬಳು ನೋಡಬಾರದು. ಅಷ್ಟಾದರೂ ಒಂದು ಧೈರ್ಯ ಬಂತು. ಕಾರಣ ಸಿಕ್ಕಿತಲ್ಲ! ನಾನು ದೂರ ಇದ್ದರೆ ನೀನು ಗೆಲ್ಲುತ್ತೀಯ. ಇದಕ್ಕಿಂತ ಸುಲಭದ ಔಷಧಿ ಯಾವುದಿದೆ?

ಈಗ ಕೋಲು ಬಿಡಬೇಡ ಎನ್ನಲೇ? ಹಾಗೆಂದರೆ ನನ್ನ ಆಸೆಯೊಂದು ನಿನ್ನ ಬೆನ್ನ ಮೇಲೆ ಕುಳಿತಂತೆ. ಬಿಟ್ಟುಬಿಡು ಎನ್ನಲೇ? ಹಾಗೆಂದರೆ ನಿನ್ನಿಂದ ಆಗುವುದಿಲ್ಲ ಎಂದು ಅಮ್ಮನೇ ಹೇಳಿದಂತೆ. ಹೋಗಲಿ ಬಿಡು, ಆಟ ತಾನೇ ಎಂದರೆ, ಅದು ನಿನಗೆ ಬರೀ ಆಟವಲ್ಲ ಎಂದು ನನಗೆ ಗೊತ್ತು. ಬಾಗಿಲಲ್ಲಿ ನಿಂತು ಮೊದಲ ದಿನ ನೋಡಿದ ಮುಖ ನನಗೆ ಗೊತ್ತು. ಅಷ್ಟು ನೆಮ್ಮದಿಯಾಗಿ ನೀನು ನನ್ನ ಮಡಿಲಲ್ಲೂ ಮಲಗಿದವಳಲ್ಲ.

ಬೇಕಾದರೆ ಮನೆಗೆ ಬಾ. ಬೇಡವಾದರೆ ಬೇಡ. ಆಟದ ಬಗ್ಗೆ ಯಾರೂ ಕೇಳುವುದಿಲ್ಲ, ನಿಮ್ಮಪ್ಪನಿಗೂ ಹೇಳಿಟ್ಟಿದ್ದೇನೆ. ಅಂಗಡಿಗೆ ಒಂದು ಫೋನಾದರೂ ಮಾಡು, ಇಲ್ಲದಿದ್ದರೆ ಬಿಲ್ಲಿಂಗ್ ಕೌಂಟರಿಗೆ ಬೇರೆಯವರನ್ನು ಕೂರಿಸಿಯಾರು. ತಲೆಗೆ ಎಣ್ಣೆ ಹಚ್ಚಿಕೋ. ಮಕ್ಕಳು ಏಳುತ್ತಿದ್ದಾರೆ, ಒಬ್ಬ ಆಗಲೇ ನನ್ನ ಪೆನ್ನು ಎಳೆಯುತ್ತಿದ್ದಾನೆ.

ನೀನು ಹೇಗಿದ್ದರೂ ನಿನ್ನವಳೇ ಆದ,
ಅಮ್ಮ
(ಪುಷ್ಪಾ)

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಎಂದುಕೊಂಡಿದ್ದೆ. ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಮತ್ತೆ ಕಾಗದ ಬಿಚ್ಚಿದೆ.

ಕೆಂಚೇಶ ನನಗೆ ಹೇಳಿದ್ದು "ಸೋತ್ಲು ಅಕ್ಕ" ಅಂತ, ಅಷ್ಟೇ. ಅವನ ಫೋನ್ ಬಂದಾಗ ನಾನು ದಾವಣಗೆರೆಯಿಂದ ವಾಪಸ್ ಬರುವ ಬಸ್ಸಿನಲ್ಲಿದ್ದೆ. ಆಸ್ಪತ್ರೆಯಲ್ಲಿರುವ ಲಕ್ಷ್ಮಕ್ಕನನ್ನು ನೋಡಿಬರುತ್ತೇನೆ ಎಂದು ನಿಮ್ಮಪ್ಪನಿಗೆ ಹೇಳಿ ಬಂದಿದ್ದೆ. ಹಾಲ್‌ನೊಳಗೆ ಕಾಲಿಡಲಿಲ್ಲ ಎಂದದ್ದು ನಿಜ. ಮೆಟ್ಟಿಲ ಮೇಲೆ ನಿಂತಿದ್ದೆ, ತಲೆಯ ಮೇಲೆ ಸೆರಗು ಹೊದ್ದು. ಗಾಜಿನ ಬಾಗಿಲಿಗೆ ಅಂಟಿಸಿದ ಹಾಳೆ ಒಂದು ಕಡೆ ಹರಿದಿತ್ತು. ಅಲ್ಲಿಂದ ನಿನ್ನ ಬೆನ್ನು ಕಾಣುತ್ತಿತ್ತು, ಕರಿ ಬಾಲು ಕಾಣುತ್ತಿತ್ತು. ಕೆಂಚೇಶನೂ ನನ್ನನ್ನು ನೋಡಲಿಲ್ಲ, ನೀನು ಒಂದು ಸಲವೂ ತಿರುಗಲಿಲ್ಲ. ನಾನು ಇಲ್ಲವೆಂದೇ ತಿಳಿದು ಆಡಿದೆ, ಆದರೂ ಕರಿ ಬಾಲು ವಾಪಸ್ ಬಂತು.

ಅಲ್ಲಿಯವರೆಗೆ ಕಾರಣ ನಾನೇ ಎಂದುಕೊಂಡಿದ್ದೆ ಧನು. ನಾನೇ ಆಗಿದ್ದರೆ ದೂರ ಇದ್ದುಬಿಡುತ್ತಿದ್ದೆ, ಜೀವನಪೂರ್ತಿ. ಈಗ ನಿನಗೋಸ್ಕರ ಏನನ್ನು ಬಿಡಲಿ?

ಅಥವಾ ನಾನು ಬಂದದ್ದು ನಿನಗೆ ಗೊತ್ತಾಗಿತ್ತೇ? ಬೆನ್ನಿಗಾದರೂ ಗೊತ್ತಾಗಿತ್ತೇ? ಗೊತ್ತಾಗಿತ್ತು ಅಂತ ಒಂದು ಮಾತು ಹೇಳು. ಸುಳ್ಳಾದರೂ ಪರವಾಗಿಲ್ಲ.