ಮಾದರಿಗೆ ಒಯ್ದ ಬೋಲ್ಟು

ಗುರುವಾರ, ಜೂನ್ ೧೨

ಒಂದು ಬೋಲ್ಟು. ಬೇಕಿದ್ದದ್ದು ಅಷ್ಟೇ. ಅಪ್ಪ ಬಾತ್‌ರೂಮಿನಲ್ಲಿ ಹಿಡಿದುಕೊಂಡು ಏಳುವ ಗೋಡೆಯ ಹಿಡಿಕೆ ಕಳಚಿ ವಾರವಾಯಿತು. ಸವೆದ ಹಳೆಯ ಬೋಲ್ಟನ್ನೇ ಮಾದರಿಗೆಂದು ಕರ್ಚೀಫಿನಲ್ಲಿ ಕಟ್ಟಿಕೊಂಡು, ಅರ್ಧ ದಿನ ರಜೆ ಹಾಕಿ, ಆ ದೊಡ್ಡ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅಂಗಡಿಯೋ, ಒಳಗೆ ವಿಮಾನ ನಿಲ್ಲಿಸಬಹುದು. ಕೇಳೋಣವೆಂದರೆ ನರಪಿಳ್ಳೆಯೂ ಇಲ್ಲ.

ಹುಡುಕಿ ಹಿಡಿದರೆ ಪೇಂಟಿನವನು, "ನಲ್ಲಿ ಸೆಕ್ಷನ್‌ನಲ್ಲಿ ಕೇಳಿ ಮೇಡಂ" ಎಂದ. ನಲ್ಲಿಯವಳು ಮತ್ತೆ ಪೇಂಟಿನವನನ್ನೇ ತೋರಿಸಿದಳು. ಕಂಬದ ಮೇಲೊಂದು ಗುಂಡಿ, 'ಸಹಾಯಕ್ಕೆ ಒತ್ತಿ' ಎಂದು. ಒತ್ತಿದೆ. "ನಮ್ಮವರು ಬರ್ತಿದ್ದಾರೆ" ಎಂದು ಹೆಣ್ಣುದನಿಯೊಂದು ಉಲಿಯಿತು. ಬಂದದ್ದು ನನ್ನ ಹಾಗೇ ದಿಕ್ಕುತಪ್ಪಿದ ಮುದುಕ. ನಾನೇ ಅಂಗಡಿಯವಳೆಂದುಕೊಂಡು, "ಬಲ್ಬ್ ಎಲ್ಲಿದೆಯಮ್ಮಾ?" ಎಂದ.

ಕೊನೆಗೆ ಟೈ ಕಟ್ಟಿದವನೊಬ್ಬ ಬೋಲ್ಟನ್ನು ಇಸಿದುಕೊಂಡು, "ಒಂದ್ನಿಮಿಷ, ಒಳಗೆ ನೋಡ್ಕೊಂಡು ಬರ್ತೀನಿ" ಎಂದ. ಹೋದವನು ಹೋದ. ಅಂಗಡಿ ಮುಚ್ಚುವವರೆಗೂ ಕಾದೆ. "ಅವ್ರ ಶಿಫ್ಟ್ ಆಗ್ಲೇ ಮುಗೀತಲ್ಲ, ನಾಳೆ ಬನ್ನಿ" ಎಂದ ಬಾಗಿಲು ಕಾಯುವವನು. ಕೈಯಲ್ಲಿದ್ದ ಮಾದರಿಯೂ ಹೋಯಿತು. ಜಗಳವಾಡೋಣವೆಂದರೂ ಎದುರಿಗೆ ಒಬ್ಬರು ಬೇಕಲ್ಲ!

ಅಪ್ಪ ಬೈಯಲಿಲ್ಲ. "ಬಿಡೇ, ಅದಕ್ಯಾಕೆ ಅಷ್ಟು ಒದ್ದಾಡ್ತೀಯ? ನಾನು ಹೇಗೋ ಸುಧಾರಿಸ್ತಿದೀನಿ" ಎಂದರು. ಹೇಗೆ ಎಂದು ನಾನೂ ಕೇಳಲಿಲ್ಲ.

ಈಗ ಅವರ ಕೋಣೆಯ ದೀಪ ಆರಿಸಲು ಹೋದಾಗ ನೋಡಿದೆ. ಬೆಳಿಗ್ಗೆ ತಲೆದೆಸೆಯಲ್ಲಿ ತುಂಬಿಸಿಟ್ಟ ನೀರಿನ ಜಗ್ಗು ತುಂಬಿದ ಹಾಗೇ ಇದೆ. ನಿನ್ನೆಯೂ ಹಾಗೇ ಇತ್ತು, ನನ್ನ ತಲೆಗೆ ಹೋಗಿರಲಿಲ್ಲ. ಇಂಥ ಸೆಕೆಯಲ್ಲಿ. ಬಾತ್‌ರೂಮಿಗೆ ಏಳಬೇಕಾಗುತ್ತದೆಂದು ಅಪ್ಪ ನೀರು ಕುಡಿಯುವುದನ್ನೇ ಬಿಟ್ಟಿದ್ದಾರೆ.