ನೀವು ಬಂದು ಕೇಳುವವರೆಗೆ

ಕುಲಶೇಖರ, ಮಂಗಳೂರು
ಅಕ್ಟೋಬರ್ 1986

ಮಾನ್ಯ ಯೋಜನಾ ನಿರ್ದೇಶಕರೇ,

ವಿಶ್ವವಿದ್ಯಾನಿಲಯದ ವತಿಯಿಂದ ತಾವು ನಡೆಸುತ್ತಿರುವ ‘ವರ್ಣಭೇದ, ವಲಸೆ ಮತ್ತು ಪೌರತ್ವ: ಸ್ಥಳೀಯ ಸಮುದಾಯಗಳೊಡನೆ ಒಂದು ಅಧ್ಯಯನ’ ನಮ್ಮ ವಠಾರದಲ್ಲಿ ಪೂರ್ಣ ಯಶಸ್ವಿಯಾಗಿದೆ. ನೀವು ಹುಡುಕಿಕೊಂಡು ಬಂದಾಗ ಇಲ್ಲಿ ವರ್ಣಭೇದ ಅಷ್ಟಾಗಿ ಸಿಗಲಿಲ್ಲ. ಈಗ ಬಂದರೆ ಧಾರಾಳವಾಗಿ ಸಿಗುತ್ತದೆ. ಇದರ ಫಲವಾಗಿ ನನ್ನ ಬಾಡಿಗೆದಾರರು ಈ ತಿಂಗಳ ಕೊನೆಗೆ ಕೋಣೆ ಬಿಡುತ್ತಿದ್ದಾರೆ. ಅದಕ್ಕೇ ಈ ಪತ್ರ.

ಅವರ ಹೆಸರು ಒಡಿಯಾಂಬೊ. ಕೆನ್ಯಾದಿಂದ ಔಷಧಶಾಸ್ತ್ರ ಓದಲು ಬಂದವರು. ಎರಡು ವರ್ಷದಿಂದ ನಮ್ಮ ಮನೆಯ ಹೊರಕೋಣೆಯಲ್ಲಿದ್ದಾರೆ. ಹೊಸತರಲ್ಲಿ ಎಲ್ಲರೂ ಕಣ್ಣು ಬಿಟ್ಟು ನೋಡಿದ್ದು ನಿಜ. ಆಮೇಲೆ ಅವರು ಬಾವಿಯಿಂದ ನೀರು ಸೇದುವಾಗ ಪಕ್ಕದ ಮನೆಯ ಗುಣವತಿಯಮ್ಮನ ಕೊಡವನ್ನೂ ತುಂಬಿಸಿಕೊಡತೊಡಗಿದರು; ನೋಡುವುದಕ್ಕೆ ಏನೂ ಉಳಿಯಲಿಲ್ಲ. ಕಳೆದ ವರ್ಷದ ಹೊಸ ಅಕ್ಕಿ ಊಟಕ್ಕೆ ಗುಣವತಿಯಮ್ಮ ಅವರನ್ನು ಕರೆದು ತಮ್ಮವರ ಸಾಲಿನಲ್ಲೇ ಕೂರಿಸಿದರು. ಹೊಸ ಅಕ್ಕಿ ಊಟ ಮದುವೆ ಊಟವಲ್ಲ ಸ್ವಾಮಿ, ಸಿಕ್ಕಿದವರನ್ನೆಲ್ಲ ಕರೆಯುವುದಿಲ್ಲ. ಅದು ಮನೆಯವರು ಒಟ್ಟಿಗೆ ಕೂತು ಉಣ್ಣುವ ಊಟ. “ಯಾವು ಅಕ್ಕ, ಯಾವು” ಎಂದು ಅವರು ತುಳುವಿನಲ್ಲಿ ಸಾಕೆಂದರೂ ಆಕೆ ಬಡಿಸುವುದನ್ನು ನಿಲ್ಲಿಸಲಿಲ್ಲ. ಪೌರತ್ವದ ಅರ್ಥ ನಿಮ್ಮಷ್ಟು ನನಗೆ ತಿಳಿಯದು. ಆದರೆ ಆ ದಿನ ಎಲೆಯ ಮೇಲೆ ಬಡಿಸಿದ್ದು ಅದನ್ನೇ ಇರಬೇಕೆಂದು ನನ್ನ ಅನುಮಾನ.

ಆಗಸ್ಟಿನಲ್ಲಿ ನಿಮ್ಮ ಸಂಶೋಧಕರು ಕಾರಿನಲ್ಲಿ ಬಂದರು. ಬಹಳ ಸಭ್ಯರು. ಕೊಟ್ಟ ಬೆಲ್ಲ ನೀರು ಕುಡಿದು ಮನೆಮನೆಯಲ್ಲೂ ಕೇಳಿದರು: ನಿಮ್ಮ ಬಾವಿಯನ್ನು ಕಪ್ಪು ಜನಾಂಗದವರು ಬಳಸಿದರೆ ಆಕ್ಷೇಪವಿದೆಯೇ? ಹೆಣ್ಣುಮಕ್ಕಳಿರುವ ಮನೆಯ ಹತ್ತಿರ ಇಂಥವರ ವಾಸದಿಂದ ಭಯವಾಗುತ್ತದೆಯೇ? ಒಂದೇ ಪಂಕ್ತಿಯಲ್ಲಿ ಉಣ್ಣಲು ಮುಜುಗರವಿದೆಯೇ?

“ಎಂತ ಆಕ್ಷೇಪ? ನೀರು ಉಂಟಲ್ಲ ಬೇಕಾದಷ್ಟು” ಎಂದರು ಗುಣವತಿಯಮ್ಮ.

“ಅವಸರ ಇಲ್ಲ, ಯೋಚನೆ ಮಾಡಿ ಹೇಳಿ” ಎಂದರು ನಿಮ್ಮವರು.

ಆಕೆ ಯೋಚನೆ ಮಾಡಿದರು. ಎಲ್ಲರೂ ಮಾಡಿದರು. ದುಬಾಯಿಯಲ್ಲಿರುವ ತಮ್ಮ ಮಗ ಮೋಹನದಾಸನನ್ನು ಅಲ್ಲಿಯವರು ಹೇಗೆ ನೋಡಿಕೊಳ್ಳುತ್ತಾರೆಂದು ಆಕೆ ಹೇಳಹೊರಟಾಗ ಮಾತ್ರ ನಿಮ್ಮವರಿಗೆ ಹೊತ್ತಾಯಿತು. ಇಲ್ಲಿಂದ ಹೋದವರ ವಲಸೆ ಬೇರೆ ಯೋಜನೆಯಂತೆ.

ಮಲೇರಿಯಾ ಇಲಾಖೆಯವರು ಬಂದು ಗೋಡೆಯ ಮೇಲೆ ಬರೆದು ಹೋದರೆ ಊರಲ್ಲಿ ಜ್ವರವಿದೆ ಎಂದು ನಮ್ಮವರು ತಿಳಿಯುತ್ತಾರೆ. ನಿಮ್ಮನ್ನೂ ಹಾಗೆಯೇ ತಿಳಿದರು. ಪಣಂಬೂರಿನ ಬಂದರಿನಲ್ಲಿ ಕೆಲಸ ಮಾಡುವ ಎದುರುಮನೆಯ ಲೋಕನಾಥ ಅದೇ ಸಂಜೆ ಜಗಲಿಗೆ ಬಂದ. “ಯೂನಿವರ್ಸಿಟಿಯವರು ಕಾರು ಮಾಡಿಕೊಂಡು ಸುಮ್ಮನೆ ಬರ್ತಾರಾ ತಾರಾನಾಥಣ್ಣ? ಎಂತದೋ ಉಂಟು ಮಾರಾಯ್ರೆ. ನಮಗೆ ಹೇಳುವುದಿಲ್ಲ, ಅಷ್ಟೇ.” ಮರುದಿನದಿಂದ ಒಡಿಯಾಂಬೊ ಬಾವಿಕಟ್ಟೆಯಲ್ಲಿದ್ದರೆ ಅವನ ಹೆಣ್ಣುಮಕ್ಕಳು ನೀರಿಗೆ ಬರಲಿಲ್ಲ.

ನಮ್ಮೊಳಗೆ ಆ ಕೊಳಕು ಇರಲೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ಇತ್ತು. ನಮ್ಮ ನಮ್ಮಲ್ಲೇ ಯಾರು ಯಾರ ಅಂಗಳದವರೆಗೆ ಬರಬಹುದು ಎಂಬ ಲೆಕ್ಕ ಹಾಕಿ ಬೆಳೆದವರು ನಾವು. ಅದು ಒಂದು ಮೂಲೆಯಲ್ಲಿ ಮಲಗಿತ್ತು. ನೀವು ತಟ್ಟಿ ಎಬ್ಬಿಸಿದಿರಿ, ಹೆಸರು ಕೇಳಿ ಬರೆದುಕೊಂಡಿರಿ, ಹೊರಟಿರಿ. ಎದ್ದದ್ದನ್ನು ಮತ್ತೆ ಮಲಗಿಸುವುದು ಯಾರ ಕೆಲಸ? ‘ಸಮುದಾಯಗಳೊಡನೆ’ ಎಂದು ಬರೆದಿದ್ದೀರಲ್ಲ, ಆ ‘ಒಡನೆ’ ಎಷ್ಟು ಗಂಟೆಯವರೆಗೆ?

ಈ ವರ್ಷ ಹೊಸ ಅಕ್ಕಿ ಊಟದ ದಿನ ಒಡಿಯಾಂಬೊ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಕಾದರು. ಕರೆ ಬರಲಿಲ್ಲ, ಟಿಫಿನ್ ಕ್ಯಾರಿಯರ್ ಬಂತು. “ಪಾಯಸ ಸಮೇತ ಕಳಿಸಿದ್ದೇನಲ್ಲ, ಇನ್ನೆಂತ?” ಎಂದರು ಗುಣವತಿಯಮ್ಮ, ನನ್ನ ಮುಖ ನೋಡದೆ. ಒಡಿಯಾಂಬೊ ಉಂಡು, ಪಾತ್ರೆ ತೊಳೆದು ಒಪ್ಪಿಸಿ ಬಂದರು. ಮರುದಿನ ಬೆಳಿಗ್ಗೆ ನನ್ನ ಹತ್ತಿರ, “ಅಕ್ಕನಿಗೆ ನನ್ನಿಂದ ಕಷ್ಟ ಬೇಡ, ನಾನು ಬೇರೆ ರೂಮು ನೋಡ್ತೇನೆ” ಎಂದರು. ನಾಚಿಕೆಗೆ ನಾನು ಹೂಂ ಎಂದುಬಿಟ್ಟೆ. ಪೇಟೆಯ ಕಡೆ ಫಳ್ನೀರಿನಲ್ಲಿ ಅವರು ಕೇಳಿದ ಕೋಣೆಗಳೆಲ್ಲ ನಿನ್ನೆಯಷ್ಟೇ ಬಾಡಿಗೆಗೆ ಹೋಗಿವೆಯಂತೆ. ‘ಬಾಡಿಗೆಗಿದೆ’ ಬೋರ್ಡು ತೆಗೆಯಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ.

ಯೋಜನೆಯ ಎರಡನೆಯ ಹಂತಕ್ಕೆ ನಮ್ಮ ವಠಾರವನ್ನೇ ಆರಿಸಿದ್ದೀರೆಂದು ಪತ್ರಿಕೆಯಲ್ಲಿ ಓದಿದೆ. ನನ್ನ ಬೇಡಿಕೆ ಇಷ್ಟೇ: ಬನ್ನಿ, ಆದರೆ ತಿಂಗಳು ಮುಗಿಯುವ ಮೊದಲು ಬನ್ನಿ, ಖುದ್ದು ತಾವೇ ಬನ್ನಿ. ಮನೆಮನೆಗೆ ಹೋಗಿ, ಇಲ್ಲಿ ಯಾವ ಜ್ವರವೂ ಇಲ್ಲ, ನಾವು ಸುಮ್ಮನೆ ತಿಳಿಯಲು ಕೇಳಿದ್ದು ಎಂದು ಹೇಳಿ. ನಾನು ಹೇಳಿದರೆ ಯಾರೂ ನಂಬುವುದಿಲ್ಲ. ನನ್ನ ಹತ್ತಿರ ಕಾರಿಲ್ಲ.

ನಿನ್ನೆ ಸಂಜೆ ಗುಣವತಿಯಮ್ಮ ಕಂಪೌಂಡು ಗೋಡೆಯ ಹತ್ತಿರ ನಿಂತು ಕೇಳಿದರು: “ಅವರು ಹೋಗುವುದು ಹೌದಾ ತಾರಾನಾಥ? ನಾವು ಎಂತ ಮಾಡಿದ್ದು ಅವರಿಗೆ?”

ಹೌದು ಎಂದಷ್ಟೇ ಹೇಳಿದೆ. ಎರಡನೆಯ ಪ್ರಶ್ನೆಗೆ ಉತ್ತರ ಹೇಳಲು ನನ್ನಿಂದಾಗಲಿಲ್ಲ. ಅದನ್ನು ನೀವು ಬಂದು ಹೇಳಿ. ಒಡಿಯಾಂಬೊ ಕೋಣೆಯಲ್ಲಿರುವಾಗಲೇ ಹೇಳಿ.

ಇಂತಿ,
ತಮ್ಮ ಅಧ್ಯಯನಕ್ಕೆ ಒಳಗಾಗಿ ಇನ್ನೂ ಚೇತರಿಸಿಕೊಳ್ಳದ
ತಾರಾನಾಥ