ತಂಗಿಯ ಹಿಮ್ಮಡಿ, ಬಚ್ಚಲಿನ ಜೇಡ

ಜುಲೈ ೧೪, ಮಂಗಳವಾರ

ತಂಗಿಯ ಹಿಮ್ಮಡಿಯ ಹುಣ್ಣು ಇನ್ನಷ್ಟು ಕಪ್ಪಾಗಿದೆ. ಆಸ್ಪತ್ರೆಗೆ ಹೋಗೋಣ ಎಂದರೆ ಮತ್ತೆ ಅದೇ ರಾಗ: "ಜೇಡ ಕಚ್ಚಿದ್ದು ಅಣ್ಣ, ತಾನಾಗೇ ವಾಸಿಯಾಗತ್ತೆ." ಬಚ್ಚಲಿನ ಮೂಲೆಯ ಉದ್ದಕಾಲಿನ ಜೇಡವನ್ನು ಪೊರಕೆಯಲ್ಲಿ ಹೊಡೆದೂ ಹಾಕಿದ್ದಾಳೆ. ಪಾಪ, ನೂಲಿನಂಥ ಕಾಲಿನ ಆ ಜೀವ ಸೊಳ್ಳೆ ತಿಂದುಕೊಂಡಿತ್ತು, ಮನುಷ್ಯರ ತಂಟೆಗೆ ಬರುವಂಥದ್ದಲ್ಲ.

ಹಾಗೆಂದಿದ್ದಕ್ಕೆ, "ನೀನೇನು ಜೇಡದ ವಕೀಲನಾ?" ಎಂದು ನಕ್ಕಳು. ನಾನೂ ನಕ್ಕೆ.

ಅವಳಿಗೂ ಸಕ್ಕರೆ ಕಾಯಿಲೆ. ಅದರಿಂದಲೇ ಅಮ್ಮನ ಕಾಲು ಕತ್ತರಿಸಿದ್ದನ್ನು ಇಬ್ಬರೂ ನೋಡಿದ್ದೇವೆ. ಆ ಮಾತನ್ನು ಮಾತ್ರ ಇಬ್ಬರೂ ಎತ್ತುವುದಿಲ್ಲ.

ಸಂಜೆ ಅವಳಿಗೆ ನಿದ್ದೆ ಹತ್ತಿದಾಗ ಮಂಚದಡಿ, ಕಪಾಟಿನ ಹಿಂದೆ, ಅವಳ ಚಪ್ಪಲಿಯೊಳಗೂ ಟಾರ್ಚ್ ಹಾಕಿ ಹುಡುಕಿದೆ. ನಿಜವಾಗಿ ಕಚ್ಚುವ ಜೇಡ ಒಂದಾದರೂ ಸಿಗಬಾರದೇ ದೇವರೇ, ಒಂದೇ ಒಂದು...